ಇಲ್ಲಿ ಅಂದರೆ ಎಲ್ಲಿ

ಉಪ್ಪಳದಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆ.
ಫೋಟೋಸ್ಟಾಟ್ ಯಂತ್ರದ ಬಿಸಿಗೆ ಬೆನ್ನು ಕೊಟ್ಟು
ಒಂದು ಸುತ್ತೋಲೆಯ ಒಡವೆ ಕಳಚುತ್ತಿದ್ದೇನೆ.
ಬಣ್ಣ ಹೋಯಿತು. ಲಾಂಛನ ಹೋಯಿತು.
ನೀಲಿ ಅಕ್ಷರಗಳ ಕೆಳಗಿನ ಗೆರೆಯೂ ಹೋಯಿತು.
ಉಳಿದದ್ದು ಬರೀ ಪಠ್ಯ.
ಈಶ್ವರ ಮಣಿಯಾಣಿ ಮಾಸ್ತರರ ಹಳೆಯ ಓದುಯಂತ್ರಕ್ಕೆ
ಜೀರ್ಣವಾಗುವುದು ಅಷ್ಟೇ.

ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದು ಆರು ವರ್ಷ.
ಕನ್ನಡ ಮೀಡಿಯಂ ಮಕ್ಕಳ ಸ್ಕಾಲರ್‌ಶಿಪ್ಪಿನ ಕಾಗದಗಳೆಲ್ಲ
ಈಗಲೂ ಅವರ ಕಿವಿ ದಾಟಿಯೇ ಶಾಲೆಗೆ ಹೋಗಬೇಕು.

ಮೊದಲ ಸಲ ಫೋನು ಬಂದಿತ್ತು:
"ಎಂತ ಮಾರಾಯ್ತಿ ಇದು,
ಅರ್ಜಿಗೆ ಇಲ್ಲಿ ಒತ್ತಿ ಅಂತ ಉಂಟು.
ಇಲ್ಲಿ ಅಂದರೆ ಎಲ್ಲಿ?
ಮೇಜು ಒತ್ತಿದೆ, ಮೊಣಕಾಲೂ ಒತ್ತಿದೆ."
ನನಗೆ ನಗು ಬರಲಿಲ್ಲ.
ಕೊಂಡಿ ಕಳಚಿದ ಮೇಲೆ 'ಇಲ್ಲಿ' ಎಂಬುದು
ಬಸ್ಸು ನಿಲ್ಲಿಸದ ಸ್ಟಾಪು, ಬೋರ್ಡು ಮಾತ್ರ.

ಎರಡನೆಯ ಸಲ ವಿಳಾಸವನ್ನು ಇಡಿಯಾಗಿ
ವಾಕ್ಯದ ನಡುವೆಯೇ ತುರುಕಿದೆ.
ಎಚ್ ಟಿ ಟಿ ಪಿ ಎಸ್, ಓರೆಗೆರೆ, ಓರೆಗೆರೆ...
ಕರ್ತೃ ಈಚೆ, ಕ್ರಿಯಾಪದ ಆಚೆ,
ನಡುವೆ ಉಪ್ಪಳ ಗೇಟಿನ ಗೂಡ್ಸ್ ರೈಲು.
ಗೇಟು ಎತ್ತುವಷ್ಟರಲ್ಲಿ
ಯಾರು ಏನು ಮಾಡಬೇಕಿತ್ತೆಂದು ಮರೆತುಹೋಯಿತಂತೆ.

ಈಗ ಕಲಿತಿದ್ದೇನೆ.
ಕೊಂಡಿಯಿದ್ದಲ್ಲಿ ಆವರಣದೊಳಗೆ ಒಂದು ಅಂಕಿ;
ವಿಳಾಸಗಳು ಕೊನೆಯ ಪುಟದಲ್ಲಿ,
ಮದುವೆ ಹಾಲಿನ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ,
ಆದರೆ ಇವಕ್ಕೆ ಟೋಕನ್ ಉಂಟು.
'ಇಲ್ಲಿ ಒತ್ತಿ' ಅಳಿಸಿ 'ಅರ್ಜಿಯ ನಮೂನೆ' ಎಂದು ಬರೆಯುತ್ತೇನೆ.
ಸರಕಾರದ ವಾಕ್ಯ ತಿದ್ದಬಹುದೇ?
ಕೇಳುವವರು ಇನ್ನೂ ಬಂದಿಲ್ಲ.

ನಿನ್ನೆ, ಮೂರನೆಯ ವಿಳಾಸದಲ್ಲಿ ಕನ್ನಡ ಇತ್ತು.
ಪರದೆಯ ಮೇಲೆ ಚಂದಕ್ಕೆ 'ಕ'ದಿಂದ ಸುರು.
ನಕಲು ತೆಗೆದು ಅಂಟಿಸಿದರೆ
ಶೇಕಡಾ ಇ ಸೊನ್ನೆ, ಶೇಕಡಾ ಬಿ ಎರಡು, ಶೇಕಡಾ ಒಂಬತ್ತು ಐದು.
ಒಂದು 'ಕ'ಕ್ಕೆ ಮೂರು ಶೇಕಡಾ.
ಮಾಸ್ತರು ಯಂತ್ರದ ಬಾಯಿ ಮುಚ್ಚಿಸಿ ಹೇಳಿದರು:
"ನಮ್ಮನ್ನು ಎಣಿಸುವುದೇ ಶೇಕಡದಲ್ಲಿ, ಹೊಸತೆಂತ?
ಇರಲಿ. ಮಲಯಾಳದ 'ಕ' ಹೇಗೆ?"

ಪಕ್ಕದ ಕಿಟಕಿಯಲ್ಲಿ ಅದೇ ಸುತ್ತೋಲೆಯ ಮಲಯಾಳ ಪ್ರತಿ.
ತೆಗೆದು ಅಂಟಿಸಿ ಓದಿದೆ:
ಇ ಸೊನ್ನೆ, ಬಿ ನಾಲ್ಕು, ಒಂಬತ್ತು ಐದು.
ತಲೆ ಅದೇ. ಕಾಲು ಅದೇ.
ಹೊಟ್ಟೆಯಲ್ಲಿ ಎರಡರ ವ್ಯತ್ಯಾಸ.

ಫೋನಿನಾಚೆ ಕುಕ್ಕರ್ ಕೂಗಿತು. ಅವರು ಮಾತಾಡಲಿಲ್ಲ.
ಕೆಳಗೆ ರಸೀನಾ ಹೊಲಿಗೆಯಂತ್ರದಲ್ಲಿ ಒಂದು ಇಡೀ ಅಂಚು ಮುಗಿಸಿದಳು.
ಆಮೇಲೆ,
"ಎರಡೇಯಾ?" ಎಂದರು.
"ಆಯ್ತು, ನಾಲ್ಕನೆಯದು ನೋಡು,
ಕೊನೆಯ ದಿನಾಂಕ ಅದರಲ್ಲಿರಬೇಕು."

ನಾಲ್ಕನೆಯದು ತೆರೆದರೆ ಪುಟವೇ ಇಲ್ಲ.

ಆದರೂ ಆವರಣದೊಳಗೆ ನಾಲ್ಕು ಎಂದು ಬರೆದೆ.
ಕೊನೆಯ ಪಟ್ಟಿಯಲ್ಲಿ, ಅದರ ಎದುರು,
ಆಫೀಸಿನ ಫೋನ್ ನಂಬರು ಹಾಕಿ ಇಷ್ಟು ಸೇರಿಸಿದೆ:
ಹತ್ತೂವರೆಯ ನಂತರ ಮಾಡಿ.
ಓಮನ ಎಂಬವರನ್ನು ಕೇಳಿ.
ನಿಧಾನ ಮಾತಾಡಿದರೆ ಅವರಿಗೆ ಕನ್ನಡ ಅರ್ಥವಾಗುತ್ತದೆ.