ಚಕ್ಕುಬಂದಿ

ಸಾಗರದ ಉಪನೋಂದಣಿ ಕಚೇರಿಯೆದುರು
ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ
ಊರವರ ವಿಭಾಗಪತ್ರ:
ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಕಾನು,
ಉತ್ತರಕ್ಕೆ ಮಾತು ಬಿಟ್ಟ ದಾಯಾದಿ.

ನನ್ನಪ್ಪ ಹುಚ್ಚಪ್ಪ ಏನೂ ಬರೆಸದೆ ಹೋದ.
ಆದರೂ ಬಂತು ನನ್ನ ಪಾಲು.
ತಿಂಗಳಿಗೊಮ್ಮೆ, ಮೂರೇ ದಿನ,
ಹೊಟ್ಟೆಗೆ ಕೆಂಡ ಕಟ್ಟಿದಂಥ ಜ್ವರ.
ಮುದ್ರಾಂಕ ಶುಲ್ಕವಿಲ್ಲ, ಸಾಕ್ಷಿಯ ರುಜುವಿಲ್ಲ,
ಅರ್ಧ ಅವನ ಕಡೆಯದು, ಅರ್ಧ ಅವ್ವನದು,
ಅವರಿಬ್ಬರೂ ಜ್ವರವೆಂದು ಒಂದು ದಿನ ಮಲಗಿದವರಲ್ಲ.

ಮಂಗನ ಕಾಯಿಲೆ ಎಂದರು ಮೊದಲು.
ರಕ್ತ ಶಿವಮೊಗ್ಗಕ್ಕೆ ಹೋಯಿತು.
ಅಲ್ಲವೆಂದು ಕಾಗದ ಬರುವಷ್ಟರಲ್ಲಿ
ಜ್ವರವೂ ಇರಲಿಲ್ಲ.
ಹದಿನಾರಕ್ಕೆ ಮೆಗ್ಗಾನ್‌ನಲ್ಲಿ ಅಪೆಂಡಿಕ್ಸ್ ತೆಗೆದರು.
ಪಾಪ, ಅದರದೇನೂ ತಪ್ಪಿರಲಿಲ್ಲ.
ಅವ್ವ ಸಿಗಂದೂರಿಗೆ ಹರಕೆ ಹೊರುತ್ತಿದ್ದಳು,
ಪ್ರತಿ ಸಲವೂ ಮೂರನೇ ದಿನಕ್ಕೆ ಫಲಿಸುತ್ತಿತ್ತು.

ಮೂವತ್ತೆಂಟಕ್ಕೆ ಬೆರಳು ಬಾತವು.
ಅದೇ ಜ್ವರ, ಗಂಟಿಗಿಳಿದಿದೆ ಅಂದುಕೊಂಡು
ಮೂರು ದಿನ ಕಾದೆ.
ನಾಲ್ಕನೆಯ ಬೆಳಿಗ್ಗೆಯೂ
ಚಹದ ಲೋಟಕ್ಕೆ ಎರಡು ಅಂಗೈ ಬೇಕಾಯಿತು.

ಮಣಿಪಾಲದ ಡಾಕ್ಟರು ಎರಡು ಚೀಟಿ ಬರೆದರು:
"ಅದು ಬೇರೆ, ಇದು ಬೇರೆ. ಎರಡೂ ನಿಮ್ಮಲ್ಲಿವೆ."
ಅಂದರೆ ಒಂದು ಪಿತ್ರಾರ್ಜಿತ, ಇನ್ನೊಂದು ಸ್ವಯಾರ್ಜಿತ, ಎಂದು ನಕ್ಕೆ.
ಅವರಿಗೆ ಅರ್ಥವಾಗಲಿಲ್ಲ.

ಈಗ ಗಡಿ ಹೀಗಿದೆ.
ಹೊಟ್ಟೆ, ಎದೆಗೂಡು ಹಳಬನ ಸ್ವಾಧೀನ:
ಬರುತ್ತಾನೆ, ಸುಡುತ್ತಾನೆ, ಹೇಳದೆ ಹೋಗುತ್ತಾನೆ.
ಮಣಿಕಟ್ಟು, ಬೆರಳ ಬುಡ ಹೊಸಬಳದು:
ಹೋಗುವ ಮಾತೇ ಇಲ್ಲ,
ಬೆಳಗಿನ ಜಾವ ಅಗಳಿ ಹಾಕಿ ಕೂರುತ್ತಾಳೆ.
ಮೊಣಕಾಲು ತಕರಾರಿನಲ್ಲಿದೆ.

ಅವನಿಗೆ ದಿನವೂ ಒಂದು ಸಣ್ಣ ಮಾತ್ರೆ.
ಗೌರಿಹೂವಿನ ಗೆಡ್ಡೆಯಲ್ಲೂ ಅದೇ ವಿಷವಂತೆ.
ದನ ತಿಂದೀತೆಂದು ಅಪ್ಪ
ಬೇಲಿಯಿಂದ ಕಿತ್ತು ಕಿತ್ತು ಎಸೆಯುತ್ತಿದ್ದ.
ಅವಳಿಗೆ ಭಾನುವಾರದ ಹಳದಿ ಗುಳಿಗೆ,
ಸೋಮವಾರವಿಡೀ ಬಾಯಲ್ಲಿ ತಾಮ್ರ.

ನಿನ್ನೆ ತಮ್ಮ ಬಂದ, ಹಕ್ಕು ಬಿಡುಗಡೆ ಪತ್ರಕ್ಕೆ.
ಮುಕ್ಕಾಲು ಎಕರೆ ಗದ್ದೆ. ನಾನೇ ಬರೆದೆ,
ದಕ್ಷಿಣದ ಗಡಿಗೆ ಬಂದಾಗ ಪೆನ್ನು ಎರಡು ಸಲ ಜಾರಿತು.
ಒಳಗೆ ಯಂತ್ರ ನನ್ನ ಹೆಬ್ಬೆರಳು ಒಪ್ಪಲಿಲ್ಲ.
"ಒರೆಸಿ ಒತ್ತಿ ಮೇಡಂ."
ಒರೆಸಿದೆ. ಒತ್ತಿದೆ. ಇಲ್ಲ.
ತಮ್ಮ ನನ್ನ ಕೈಮೇಲೆ ಕೈಯಿಟ್ಟು ಒತ್ತಿದವನು
ತೆಗೆಯದೆ ಹಾಗೇ ನಿಂತ:
"ಅಕ್ಕಾ, ನನ್ನ ಮಗಳಿಗೂ
ಹೀಗೇ ಬಿಸಿಯಾಗುತ್ತೆ. ಮೂರು ದಿನ."

ಹಿಂದಿನವರು ತಳ್ಳುತ್ತಿದ್ದರು.
ನಾನೆಂದೆ, ನಾಳೆಯೇ ಕರಕೊಂಡು ಬಾ,
ಮಣಿಪಾಲದ ಬಸ್ಸು ಆರೂವರೆಗೆ.
ಅಪೆಂಡಿಕ್ಸ್ ಮಾತ್ರ
ಯಾರಿಗೂ ಮುಟ್ಟಗೊಡಬೇಡ.