ಐವತ್ತೆರಡು ಸೆಕೆಂಡು

ಮೊದಲನೆಯದು ಐವತ್ತೆರಡು ಸೆಕೆಂಡು.
ಲಿಗೋರಿಯ ಸ್ಕೂಟರಿನ ಹಿಂದೆ ಉಲ್ಟಾ ಕೂತು
ಕಂಕನಾಡಿಯಿಂದ ಹಂಪನಕಟ್ಟೆಯವರೆಗೆ ನಾನೇ ಹಿಡಿದದ್ದು:
ಕೊನೆಯ ಬಸ್ಸಿನ ಕ್ಲೀನರ್, ಆಮ್ಲೆಟಿನ ಗಾಡಿ,
ಒಂದು ನಾಯಿ, ಅದಕ್ಕೆ ನಮ್ಮ ಮೇಲೆ ಏನೋ ಸಿಟ್ಟು.
ಕಡೆಗೆ ಅಬ್ಬು ಬ್ಯಾರಿಗಳು
ಛತ್ರಿ ಅಂಗಡಿಯ ಶಟರ್ ಎಳೆಯುತ್ತಾರೆ,
ಧಡಲ್.
ಆ ಸದ್ದಿಗೆ ಸರಿಯಾಗಿ ಹೆಸರು: ‘ಹನ್ನೊಂದೂವರೆ’.
ಕುರ್ಚಿಯಲ್ಲಿ ಗ್ರೇಷಿಯನ್, ಮದುವೆಯ ಕೋಟಿನಲ್ಲಿ.

ಆಮೇಲೆ ಗ್ರಾಫಿಕ್ಸಿನ ಸಿ.ಡಿ. ಬಂತು.
ಅಕ್ಷರಗಳು ಗಿರಗಿರ ತಿರುಗಿ, ಬೆಂಕಿ ಹಚ್ಚಿಕೊಂಡು
ಲೈಟ್‌ಹೌಸಿನ ಹಿಂದಿನಿಂದ ಎದ್ದು ಬಂದವು.
ಚಿನ್ನದಂಗಡಿಯ ಶೇಟ್ ಕೇಳಿದರು, ನಾಯಿ ಯಾಕೆ?
ನಾಯಿ ಹೋಯಿತು. ಆಮ್ಲೆಟೂ.
ಹೆಸರಿನಲ್ಲಿ ನ-ಒತ್ತು ಬಿಟ್ಟುಹೋಗಿತ್ತು ಎರಡು ವರ್ಷ,
ಒಂದು ಪಿಳ್ಳೆಯೂ ಫೋನ್ ಮಾಡಲಿಲ್ಲ.

ಮತ್ತೆ ಡ್ರೋನ್. ನೇತ್ರಾವತಿ ಸೇತುವೆಯ ಮೇಲಿಂದ
ನಮ್ಮೂರು ಯಾರದೋ ಊರಿನ ಹಾಗೆ ಮಿನುಗಿತು.
ಹನ್ನೆರಡು ಸೆಕೆಂಡು. ಗ್ರೇಷಿಯನ್ನನ ಕೂದಲು
ಆ ವರ್ಷವೇ ಮರಳಿ ಕಪ್ಪಾದದ್ದು.

ಈಗ ನಾಲ್ಕು.
ಹೆಬ್ಬೆರಳಿಗೆ ಅಷ್ಟೇ ತಾಳ್ಮೆ ಅನ್ನುತ್ತಾಳೆ ಯಕ್ಷಿತಾ.
ಬಿಳಿ ಪರದೆ, ಒಂದು ಕಪ್ಪು ಚುಕ್ಕೆ, ಧಡಲ್.
‘ಸಾರ್, ಈ ಡ್ರಮ್ ಎಲ್ಲಿಂದ ಡೌನ್‌ಲೋಡ್ ಮಾಡಿದ್ದು?’

ಛತ್ರಿ ಅಂಗಡಿ ಇದ್ದಲ್ಲಿ ಪಾರ್ಕಿಂಗ್ ಆಗಿದೆ.
ಬ್ಯಾರಿಗಳು ತೀರಿಕೊಂಡು ಒಂಬತ್ತು ವರ್ಷ.
ಅವರ ಮಗ ಉಳ್ಳಾಲದಿಂದ ನಿನ್ನೆ ರಾತ್ರಿ ಕರೆ ಮಾಡಿದ:
‘ಇವತ್ತು ಮೆಲ್ಲ ಹಾಕಿದಿರಾ ಹೇಗೆ?
ಉಮ್ಮನಿಗೆ ಕೇಳಲಿಲ್ಲವಂತೆ.
ಇನ್ನೂ ಬಟ್ಟಲಿಗೆ ಅನ್ನ ಬಡಿಸಿಲ್ಲ.’

ಎರಡು ಗೆರೆ ಏರಿಸಿದ್ದೇನೆ.
ಯಕ್ಷಿತಾಳಿಗೆ ಅದು ಜಾಸ್ತಿಯಾಯಿತು.