ಐದನೇ ತೊಟ್ಟಿ

ಗ್ರಿಮ್ಸ್‌ಬಿಯ ಕಸದಂಗಳದಲ್ಲಿ
ಐದನೇ ತೊಟ್ಟಿ ಸಣ್ಣ ಯಂತ್ರಗಳದ್ದು.
ಫ್ರಿಜ್ಜು ಅತ್ತ, ಟೀವಿ ಇತ್ತ,
ಬ್ಯಾಟರಿ ಕಿತ್ತು ಕೆಂಪು ಡಬ್ಬಿಗೆ,
ಮೋರೀನ್ ಹೇಳುತ್ತಾಳೆ ಮೂಗೊರೆಸಿಕೊಳ್ಳುತ್ತ,
ಎಲ್ಲರಿಗೂ ಅದೇ ರಾಗ.

ನನ್ನ ಇಸ್ತ್ರಿಪೆಟ್ಟಿಯ ಬುಡದಲ್ಲೂ ಇತ್ತು ಆ ಗುರುತು:
ಚಕ್ರದ ಕಸಬುಟ್ಟಿ, ಅದಕ್ಕೆ ಕಾಟು.
ಹನ್ನೆರಡು ವರ್ಷ ಅಂಗಿ ತೀಡಿದೆ,
ನೋಡಿರಲಿಲ್ಲ.

ಎಸೆದೆ.
ಒಳಗಿಂದ ಯಾರೋ ಮಾತಾಡಿದರು:
'ನಾಳೆ ಬೆಳಿಗ್ಗೆ ಮಂಜು, ಆಮೇಲೆ ತಿಳಿ.'
ಕೆಟಲುಗಳ ಕೆಳಗೆಲ್ಲೋ ರೇಡಿಯೊ,
ಹೊಟ್ಟೆಯಲ್ಲಿನ್ನೂ ಎರಡು ಸೆಲ್ಲು.

ಇಳಿಯುವಂತಿಲ್ಲ. ಹಾಕಿದ್ದನ್ನು ತೆಗೆಯುವಂತಿಲ್ಲ.
'ಹೊತ್ತಿಕೊಂಡರೆ ನನ್ನ ತಲೆಗೇ' ಎಂದು
ವಾಕಿಟಾಕಿ ಎತ್ತಿದವಳು
ಒತ್ತದೆ ಒಂದು ಗಳಿಗೆ
ಕಂಬಿಗೊರಗಿ ಪೂರ್ತಿ ಕೇಳಿದಳು.

ನಾಳೆ ಅವಳಿಗೆ ರಜೆಯಂತೆ.